ದೀರ್ಘಕಾಲಿಕ ರಕ್ತ ಕ್ಯಾನ್ಸರ್: ರೋಗಿಯ ವಯಸ್ಸು ಮತ್ತು ಚಿಕಿತ್ಸೆಯ ಫಲಿತಾಂಶ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮನೆಯ ಸದಸ್ಯರೊಬ್ಬರಿಗೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿದಾಗ ಕುಟುಂಬದವರ ಮನಸ್ಸಿನಲ್ಲಿ ಮೂಡುವ ಮೊದಲ ಪ್ರಶ್ನೆಗಳಲ್ಲಿ ವಯಸ್ಸಿನ ಪ್ರಶ್ನೆಯೂ ಒಂದು. ರೋಗಿಯು ಹಿರಿಯರಾಗಿದ್ದಲ್ಲಿ "ಈ ವಯಸ್ಸಿನಲ್ಲಿ ಚಿಕಿತ್ಸೆಯನ್ನು ತಡೆದುಕೊಳ್ಳುವರೇ" ಎಂದೂ, ಕಿರಿಯರಾಗಿದ್ದಲ್ಲಿ "ಚಿಕ್ಕ ವಯಸ್ಸು, ಬೇಗ ಗುಣವಾಗುತ್ತದೆ" ಎಂದೂ ಭಾವಿಸುವುದು ವಾಡಿಕೆ. ದೀರ್ಘಕಾಲಿಕ ಲ್ಯುಕೇಮಿಯಾದ ವಿಷಯದಲ್ಲಿ ಈ ಎರಡು ಭಾವನೆಗಳೂ ಪೂರ್ಣವಾಗಿ ಸರಿಯಲ್ಲ. ಮೊದಲನೆಯದರಿಂದ ಚಿಕಿತ್ಸೆಯ ಪ್ರಯೋಜನ ಪಡೆಯಬಹುದಾಗಿದ್ದ ಹಿರಿಯರು ಅದರಿಂದ ವಂಚಿತರಾಗುವ ಸಂಭವವಿದೆ. ಎರಡನೆಯದರಿಂದ ಕಿರಿಯರು ಔಷಧಿಯನ್ನು ನಡುವೆಯೇ ಕೈಬಿಡುವ ಸಂಭವವಿದೆ.

ಚಿಕಿತ್ಸೆಯ ಫಲಿತಾಂಶವನ್ನು ಒಂದು ಲೆಕ್ಕವೆಂದು ಭಾವಿಸಿದಲ್ಲಿ ವಯಸ್ಸು ಅದರ ಹಲವು ಬಾಬ್ತುಗಳಲ್ಲಿ ಒಂದು ಮಾತ್ರ. ಉಳಿದ ಬಾಬ್ತುಗಳಾವುವು, ವಯಸ್ಸಿನ ತೂಕ ಕಳೆದ ಕೆಲವು ದಶಕಗಳಲ್ಲಿ ಹೇಗೆ ಬದಲಾಗಿದೆ ಹಾಗೂ ಯಾವ ವಯೋಮಾನದವರು ಯಾವ ವಿಷಯದಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ದೀರ್ಘಕಾಲಿಕ ಲ್ಯುಕೇಮಿಯಾ ಎಂದರೇನು?

ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಅಂಕೆ ಮೀರಿ ವೃದ್ಧಿಸುವ ಕಾಯಿಲೆಗೆ ಲ್ಯುಕೇಮಿಯಾ ಎಂದು ಹೆಸರು. ಕೆಲವೇ ವಾರಗಳಲ್ಲಿ ಉಲ್ಬಣಿಸುವ ಬಗೆಯನ್ನು ತೀವ್ರ ಲ್ಯುಕೇಮಿಯಾ ಎಂದೂ, ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಬಗೆಯನ್ನು ದೀರ್ಘಕಾಲಿಕ ಲ್ಯುಕೇಮಿಯಾ ಎಂದೂ ಕರೆಯಲಾಗುತ್ತದೆ. ದೀರ್ಘಕಾಲಿಕ ಲ್ಯುಕೇಮಿಯಾದಲ್ಲಿ ಎರಡು ಪ್ರಮುಖ ವಿಧಗಳಿವೆ.

ಅ) ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ: ಇದನ್ನು ಸಂಕ್ಷೇಪವಾಗಿ ಸಿ.ಎಂ.ಎಲ್. ಎನ್ನಲಾಗುತ್ತದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ವಿಜ್ಞಾನಿಗಳಾದ ಪೀಟರ್ ನೋವೆಲ್ ಹಾಗೂ ಡೇವಿಡ್ ಹಂಗರ್‌ಫರ್ಡ್ ಅವರು ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಗುರುತಿಸಿದರು. 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಪರಸ್ಪರ ಅದಲುಬದಲಾಗುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ಅವರು ತೋರಿಸಿದರು. ಈ ಅದಲುಬದಲಿನಿಂದ ಹುಟ್ಟುವ ಬಿ.ಸಿ.ಆರ್.-ಎ.ಬಿ.ಎಲ್. ಎಂಬ ವಂಶವಾಹಿಯು ರಕ್ತಕಣಗಳಿಗೆ ಬಿಡುವಿಲ್ಲದೆ ಬೆಳೆಯುವ ಸೂಚನೆ ನೀಡುತ್ತಿರುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಕಾಯಿಲೆಯು ಕ್ರಮೇಣ ಬ್ಲಾಸ್ಟ್ ಹಂತವನ್ನು ತಲುಪಿ ತೀವ್ರ ಲ್ಯುಕೇಮಿಯಾದಂತೆ ವರ್ತಿಸುತ್ತದೆ.

ಆ) ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ: ಇದನ್ನು ಸಂಕ್ಷೇಪವಾಗಿ ಸಿ.ಎಲ್.ಎಲ್. ಎನ್ನಲಾಗುತ್ತದೆ. ದೇಹದ ರೋಗನಿರೋಧಕ ಕಾರ್ಯಕ್ಕೆ ಸೇರಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇದರಲ್ಲಿ ಹೆಚ್ಚುತ್ತವೆ. ಪಾಶ್ಚಾತ್ಯ ದೇಶಗಳ ವಯಸ್ಕರಲ್ಲಿ ಅತ್ಯಂತ ಸಾಮಾನ್ಯವಾದ ಲ್ಯುಕೇಮಿಯಾ ಇದೇ ಆಗಿದ್ದು, ಭಾರತದಲ್ಲಿ ತುಲನಾತ್ಮಕವಾಗಿ ವಿರಳ.

3. ಯಾವ ವಯಸ್ಸಿನವರಲ್ಲಿ ಕಂಡುಬರುತ್ತದೆ?

ಯೂರೋಪ್ ಮತ್ತು ಅಮೆರಿಕ ದೇಶಗಳಲ್ಲಿ ಸಿ.ಎಂ.ಎಲ್. ಬಹುಮಟ್ಟಿಗೆ ಅರವತ್ತರ ಆಸುಪಾಸಿನಲ್ಲಿ ಪತ್ತೆಯಾಗುತ್ತದೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ರೋಗಿಗಳ ವಯಸ್ಸು ನಲವತ್ತರ ಆಸುಪಾಸಿನಲ್ಲಿದೆ. ನಮ್ಮ ದೇಶದ ಜನಸಂಖ್ಯೆಯಲ್ಲಿ ಯುವಜನರ ಪ್ರಮಾಣ ಹೆಚ್ಚಾಗಿರುವುದು ಈ ವ್ಯತ್ಯಾಸಕ್ಕೆ ಒಂದು ಕಾರಣ. ದುಡಿಯುವ ವಯಸ್ಸಿನಲ್ಲಿ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಕಾಯಿಲೆ ಬರುವುದರಿಂದ ಔಷಧಿಯನ್ನು ದಶಕಗಳ ಕಾಲ ಸೇವಿಸಬೇಕಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸಿ.ಎಲ್.ಎಲ್. ಹೆಚ್ಚಾಗಿ ಹಿರಿಯರ ಕಾಯಿಲೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಪತ್ತೆಯಾಗುವ ವಯಸ್ಸು ಸುಮಾರು 70 ವರ್ಷ.

4. ವಯಸ್ಸೇ ನಿರ್ಣಾಯಕವಾಗಿದ್ದ ಕಾಲ

2001ಕ್ಕೆ ಮುನ್ನ ಸಿ.ಎಂ.ಎಲ್. ರೋಗಿಗಳಿಗೆ ಬುಸಲ್ಫಾನ್, ಹೈಡ್ರಾಕ್ಸಿಯೂರಿಯಾ ಹಾಗೂ ಇಂಟರ್‌ಫೆರಾನ್ ಔಷಧಿಗಳು ಲಭ್ಯವಿದ್ದವು. ಕಾಯಿಲೆಯನ್ನು ಬೇರುಸಹಿತ ತೆಗೆಯಬಲ್ಲ ಚಿಕಿತ್ಸೆಯೆಂದರೆ ಬೇರೊಬ್ಬರ ಅಸ್ಥಿಮಜ್ಜೆಯ ಕಸಿ ಮಾತ್ರ ಆಗಿತ್ತು. ಈ ಕಸಿಯ ಅಪಾಯ ವಯಸ್ಸಿನೊಡನೆ ಏರುತ್ತಿತ್ತು. ಯೂರೋಪಿನ ತಜ್ಞರು 1998ರಲ್ಲಿ ಪ್ರಕಟಿಸಿದ ಕಸಿಯ ಅಪಾಯದ ಅಂಕಪಟ್ಟಿಯಲ್ಲಿ 20 ವರ್ಷದೊಳಗಿನವರಿಗೆ ಸೊನ್ನೆ, 20ರಿಂದ 40 ವರ್ಷದವರಿಗೆ ಒಂದು, 40 ದಾಟಿದವರಿಗೆ ಎರಡು ಅಂಕಗಳನ್ನು ನಿಗದಿಪಡಿಸಲಾಗಿತ್ತು. ಅಂದರೆ 40 ವರ್ಷ ದಾಟಿದವರನ್ನೇ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಲಾಗುತ್ತಿತ್ತು. ಅರವತ್ತು ಮೀರಿದವರಿಗೆ ಈ ಚಿಕಿತ್ಸೆ ಬಹುತೇಕ ನಿಲುಕದ ಮಾತಾಗಿತ್ತು.

ಔಷಧಿ ಚಿಕಿತ್ಸೆಯಲ್ಲಿಯೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. 1984ರಲ್ಲಿ ಸೋಕಲ್ ಮತ್ತು ಸಂಗಡಿಗರು 813 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ರೂಪಿಸಿದ ಅಂಕಪಟ್ಟಿಯಲ್ಲಿ ನಾಲ್ಕು ಅಂಶಗಳಿದ್ದವು: ವಯಸ್ಸು, ಎಡ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುವ ಗುಲ್ಮದ ಗಾತ್ರ, ಪ್ಲೇಟ್‌ಲೆಟ್‌ಗಳ ಸಂಖ್ಯೆ ಹಾಗೂ ರಕ್ತದಲ್ಲಿನ ಬ್ಲಾಸ್ಟ್ ಎಂಬ ಅಪಕ್ವ ಕಣಗಳ ಪ್ರಮಾಣ. ವಯಸ್ಸು ಹೆಚ್ಚಿದಷ್ಟೂ ಅಪಾಯದ ಅಂಕ ಏರುತ್ತಿತ್ತು. "ವಯಸ್ಸಾದವರಿಗೆ ಏನೂ ಮಾಡಲಾಗದು" ಎಂದು ಜನರಲ್ಲಿ ಇಂದಿಗೂ ಉಳಿದಿರುವ ನಂಬಿಕೆ ಬಹುಮಟ್ಟಿಗೆ ಆ ಕಾಲದ ಅನುಭವದ್ದು.

5. ಇಮಾಟಿನಿಬ್ ಬಂದ ನಂತರ

2001ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಇಮಾಟಿನಿಬ್ ಎಂಬ ಮಾತ್ರೆಗೆ ಅನುಮೋದನೆ ದೊರೆಯಿತು. ಬಿ.ಸಿ.ಆರ್.-ಎ.ಬಿ.ಎಲ್. ವಂಶವಾಹಿಯಿಂದ ಉಂಟಾಗುವ ಕಿಣ್ವವನ್ನೇ ಗುರಿಯಾಗಿಸಿ ತಡೆಯುವುದು ಇದರ ಕಾರ್ಯವಿಧಾನ. ಮಾತ್ರೆಯನ್ನು ಮನೆಯಲ್ಲಿಯೇ ನುಂಗಬಹುದಾದ್ದರಿಂದ, ಕಸಿಯನ್ನು ತಡೆದುಕೊಳ್ಳಲಾಗದ ಹಿರಿಯರಿಗೂ ಪರಿಣಾಮಕಾರಿ ಚಿಕಿತ್ಸೆ ಮೊದಲ ಬಾರಿಗೆ ಕೈಗೆಟುಕಿತು.

ಐರಿಸ್ ಎಂಬ ಅಂತರರಾಷ್ಟ್ರೀಯ ಚಿಕಿತ್ಸಾ ಪ್ರಯೋಗದಲ್ಲಿ 1,106 ರೋಗಿಗಳು ಭಾಗವಹಿಸಿದ್ದರು. ಇಮಾಟಿನಿಬ್ ಗುಂಪಿನವರಲ್ಲಿ ಹತ್ತು ವರ್ಷಗಳ ನಂತರ ಬದುಕುಳಿದವರ ಅಂದಾಜು ಪ್ರಮಾಣ ಶೇಕಡ 83ಕ್ಕೂ ಮೇಲ್ಪಟ್ಟಿತ್ತೆಂದು 2017ರಲ್ಲಿ ವರದಿಯಾಯಿತು. ಆದರೆ ಈ ಪ್ರಯೋಗಕ್ಕೆ 18ರಿಂದ 70 ವರ್ಷದವರನ್ನು ಮಾತ್ರ ಸೇರಿಸಿಕೊಳ್ಳಲಾಗಿತ್ತು. ಎಪ್ಪತ್ತು ಮೀರಿದವರ ಬಗೆಗಿನ ಮಾಹಿತಿ ನಂತರದ ಅಧ್ಯಯನಗಳಿಂದ ಹಾಗೂ ರಾಷ್ಟ್ರೀಯ ದಾಖಲೆಗಳಿಂದ ದೊರೆಯಿತು. ಸ್ವೀಡನ್ ದೇಶದಲ್ಲಿ 1973ರಿಂದ 2013ರವರೆಗಿನ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2013ರಲ್ಲಿ ಕಾಯಿಲೆ ಪತ್ತೆಯಾದವರು ಯಾವುದೇ ವಯಸ್ಸಿನವರಾಗಿರಲಿ, ಸಿ.ಎಂ.ಎಲ್. ಕಾರಣದಿಂದ ಕಳೆದುಕೊಳ್ಳುವ ಆಯುಷ್ಯ ಸರಾಸರಿ ಮೂರು ವರ್ಷಕ್ಕಿಂತ ಕಡಿಮೆ.

ಅಂಕಪಟ್ಟಿಗಳೂ ಇದಕ್ಕೆ ತಕ್ಕಂತೆ ಬದಲಾದವು. 2011ರಲ್ಲಿ ಬಂದ ಯೂಟೋಸ್ ಅಂಕಪಟ್ಟಿಯಲ್ಲಿ ವಯಸ್ಸನ್ನು ಪೂರ್ಣವಾಗಿ ಕೈಬಿಡಲಾಗಿತ್ತು. 2016ರಲ್ಲಿ ಪ್ರಕಟವಾದ ಇ.ಎಲ್.ಟಿ.ಎಸ್. ಅಂಕಪಟ್ಟಿಯಲ್ಲಿ ವಯಸ್ಸನ್ನು ಪುನಃ ಸೇರಿಸಲಾಯಿತಾದರೂ ಅದಕ್ಕೆ ಸೋಕಲ್ ಪಟ್ಟಿಯಲ್ಲಿದ್ದಷ್ಟು ತೂಕ ನೀಡಲಿಲ್ಲ. ಈ ಪಟ್ಟಿಯು ಲ್ಯುಕೇಮಿಯಾದಿಂದಲೇ ಉಂಟಾದ ಮರಣಗಳನ್ನು ಇತರ ಕಾರಣಗಳ ಮರಣಗಳಿಂದ ಬೇರ್ಪಡಿಸಿ ಲೆಕ್ಕ ಹಾಕುತ್ತದೆ. ಹಳೆಯ ಪಟ್ಟಿಯಂತೆ ವಯಸ್ಸಿನ ಕಾರಣಕ್ಕೆ "ಹೆಚ್ಚು ಅಪಾಯ" ಎಂದು ನಮೂದಾಗುತ್ತಿದ್ದ ಅನೇಕ ಹಿರಿಯರು ಹೊಸ ಪಟ್ಟಿಯಲ್ಲಿ ಕೆಳಗಿನ ಅಪಾಯದ ವರ್ಗಕ್ಕೆ ಸೇರುತ್ತಾರೆ.

6. ಹಿರಿಯ ರೋಗಿಗಳು

ಇಮಾಟಿನಿಬ್ ಹಿರಿಯರಲ್ಲಿಯೂ ಕಿರಿಯರಲ್ಲಿಯೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಕಾಯಿಲೆಯನ್ನು ಹತೋಟಿಗೆ ತರುತ್ತದೆ. ಹಾಗಿದ್ದೂ ಹಿರಿಯರ ಒಟ್ಟು ಆಯುಷ್ಯ ಕಡಿಮೆ ಕಂಡುಬರುವುದೇಕೆ ಎಂಬ ಪ್ರಶ್ನೆ ಸಹಜ. ಜರ್ಮನಿಯ ಸಿ.ಎಂ.ಎಲ್. ಸ್ಟಡಿ 4 ಎಂಬ ಪ್ರಯೋಗದ ರೋಗಿಗಳಲ್ಲಿದ್ದ ಇತರ ಕಾಯಿಲೆಗಳನ್ನು ಅಂಕಗಳ ಮೂಲಕ ಎಣಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಇದಕ್ಕೆ ಉತ್ತರ ನೀಡುತ್ತದೆ. ಇತರ ಕಾಯಿಲೆಗಳು ಹೆಚ್ಚಿದ್ದವರಲ್ಲಿಯೂ ಮಾತ್ರೆಯ ಪರಿಣಾಮ ಕುಗ್ಗಿರಲಿಲ್ಲ. ಆದರೆ ಅಂಕ ಅತ್ಯಂತ ಕಡಿಮೆ ಇದ್ದವರಲ್ಲಿ ಎಂಟು ವರ್ಷಗಳ ನಂತರ ಬದುಕುಳಿದವರು ಸುಮಾರು ಶೇಕಡ 94ರಷ್ಟಿದ್ದರೆ, ಅಂಕ ಅತಿ ಹೆಚ್ಚು ಇದ್ದವರಲ್ಲಿ ಆ ಪ್ರಮಾಣ ಸುಮಾರು ಶೇಕಡ 46 ಆಗಿತ್ತು. ಸಿ.ಎಂ.ಎಲ್. ರೋಗಿಯ ಆಯುಷ್ಯವನ್ನು ಇಂದು ಸಿ.ಎಂ.ಎಲ್.ಗಿಂತ ಹೆಚ್ಚಾಗಿ ಅವರಲ್ಲಿರುವ ಇತರ ಕಾಯಿಲೆಗಳು ನಿರ್ಧರಿಸುತ್ತವೆ ಎಂಬುದು ಇದರ ತಾತ್ಪರ್ಯ. ಆದುದರಿಂದ ಹಿರಿಯ ರೋಗಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ಆರೈಕೆಯೂ ಲ್ಯುಕೇಮಿಯಾ ಚಿಕಿತ್ಸೆಯ ಅಂಗವೆಂದೇ ತಿಳಿಯಬೇಕು.

ಔಷಧಿಯ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು ಈ ಕೆಳಕಂಡಂತಿವೆ.

• ಇಮಾಟಿನಿಬ್: ಕಣ್ಣಿನ ಸುತ್ತ ಮತ್ತು ಕಾಲುಗಳಲ್ಲಿ ಊತ, ಸ್ನಾಯು ಸೆಳೆತ ಕಾಣಿಸಿಕೊಳ್ಳಬಹುದು. ವಯಸ್ಸೊಂದೇ ಕಾರಣಕ್ಕೆ ಪ್ರಮಾಣವನ್ನು ತಗ್ಗಿಸಬೇಕೆಂಬ ನಿಯಮವಿಲ್ಲ.
• ಡಾಸಾಟಿನಿಬ್: ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬುವ ಸಂಭವವಿದ್ದು, ವಯಸ್ಸು ಹೆಚ್ಚಿದಂತೆ ಈ ಸಂಭವವೂ ಹೆಚ್ಚುತ್ತದೆ. ಏದುಸಿರು ಕಂಡಲ್ಲಿ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.
• ನಿಲೋಟಿನಿಬ್: ಹೃದಯ, ಮೆದುಳು ಹಾಗೂ ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯವಿದೆ. ರಕ್ತದ ಸಕ್ಕರೆ ಏರಬಹುದು. ಹೃದ್ರೋಗ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು.
• ಇತರ ಔಷಧಿಗಳೊಡನೆ ಹೊಂದಾಣಿಕೆ: ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್ ಹಾಗೂ ಮೂರ್ಛೆರೋಗಕ್ಕೆ ನೀಡುವ ಫೆನಿಟೋಯಿನ್ ದೇಹದಲ್ಲಿ ಇಮಾಟಿನಿಬ್ ಮಟ್ಟವನ್ನು ತಗ್ಗಿಸುತ್ತವೆ. ಚಕ್ಕೋತ ಜಾತಿಯ ಹಣ್ಣುಗಳು ಇದಕ್ಕೆ ವಿರುದ್ಧವಾಗಿ ಔಷಧಿಯ ಮಟ್ಟವನ್ನು ಏರಿಸಬಲ್ಲವಾದ್ದರಿಂದ ಅವುಗಳನ್ನು ವರ್ಜಿಸುವುದು ಒಳಿತು. ನಾಟಿ ಔಷಧಿಗಳೂ ಸೇರಿದಂತೆ ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು.

7. ಯುವ ರೋಗಿಗಳು

ಯುವ ವಯಸ್ಸು ತಾನಾಗಿಯೇ ರಕ್ಷಣೆ ನೀಡುವುದಿಲ್ಲ. ಹದಿಹರೆಯ ಹಾಗೂ ಇಪ್ಪತ್ತರ ಹರೆಯದ ರೋಗಿಗಳಲ್ಲಿ ಕಾಯಿಲೆ ಪತ್ತೆಯಾಗುವ ವೇಳೆಗೆ ಗುಲ್ಮ ಹೆಚ್ಚು ದೊಡ್ಡದಾಗಿರುವುದನ್ನು ಅಧ್ಯಯನಗಳು ಗುರುತಿಸಿವೆ. ಇವರಲ್ಲಿ ಔಷಧಿಗೆ ದೊರೆಯುವ ಸ್ಪಂದನ ನಿರೀಕ್ಷೆಗಿಂತ ಕಡಿಮೆ ಇರುವುದೂ ಉಂಟು.

ಇದಕ್ಕಿಂತ ಮುಖ್ಯವಾದುದು ಔಷಧಿ ಸೇವನೆಯ ಕ್ರಮಬದ್ಧತೆ. ಲಂಡನ್ನಿನಲ್ಲಿ 87 ರೋಗಿಗಳ ಮಾತ್ರೆ ಡಬ್ಬಿಗಳ ಮುಚ್ಚಳಕ್ಕೆ ಎಲೆಕ್ಟ್ರಾನಿಕ್ ಸಾಧನವನ್ನು ಅಳವಡಿಸಿ, ಡಬ್ಬಿ ತೆರೆದ ದಿನ ಮತ್ತು ಸಮಯಗಳನ್ನು ಮೂರು ತಿಂಗಳ ಕಾಲ ದಾಖಲಿಸಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶೇಕಡ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ಸೇವಿಸಿದವರಲ್ಲಿ ಆರು ವರ್ಷಗಳ ವೇಳೆಗೆ ಉತ್ತಮ ಸ್ಪಂದನ ದೊರೆಯುವ ಸಂಭವ ಸುಮಾರು ಶೇಕಡ 94 ಇತ್ತು. ಉಳಿದವರಲ್ಲಿ ಅದು ಸುಮಾರು ಶೇಕಡ 28 ಮಾತ್ರ. ತಿಂಗಳಿಗೆ 30 ಮಾತ್ರೆಗಳೆಂದು ಲೆಕ್ಕ ಹಿಡಿದಲ್ಲಿ ಶೇಕಡ 90 ಎಂದರೆ ಮೂರು ಮಾತ್ರೆ ತಪ್ಪಿದಂತೆ. ಕಿರಿಯ ವಯಸ್ಸಿನವರೇ ಹೆಚ್ಚಾಗಿ ಮಾತ್ರೆ ತಪ್ಪಿಸುತ್ತಿದ್ದರೆಂಬುದು ಇದೇ ಅಧ್ಯಯನದಿಂದ ತಿಳಿದುಬಂದಿತು.

ಮಾತ್ರೆ ಆರಂಭಿಸಿದ ಕೆಲವೇ ತಿಂಗಳುಗಳಲ್ಲಿ ಆಯಾಸ ಕಳೆದು ರೋಗಿಯು ದುಡಿಮೆಗೆ ಮರಳುತ್ತಾರೆ. ಕಾಯಿಲೆ ಹೋಯಿತೆಂಬ ಭಾವನೆ, ಪರವೂರಿನ ಕೆಲಸ, ಔಷಧಿಯ ವೆಚ್ಚ, ಮದುವೆಯ ಮಾತುಕತೆಯಲ್ಲಿ ವಿಷಯ ಹೊರಬೀಳುವ ಅಂಜಿಕೆ ಇತ್ಯಾದಿ ಕಾರಣಗಳಿಂದ ಮಾತ್ರೆ ನಿಲ್ಲುವ ಸಾಧ್ಯತೆ ಈ ಹಂತದಲ್ಲಿಯೇ ಹೆಚ್ಚು. ಕುಟುಂಬದವರು ಇದನ್ನು ಅರಿತು ಸಹಕರಿಸಬೇಕು.

ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸುವುದು ಬೇರೆಯದೇ ಸಂಗತಿ. ಕನಿಷ್ಠ ಎರಡು ವರ್ಷ ಕಾಲ ಅತಿಸೂಕ್ಷ್ಮ ಪರೀಕ್ಷೆಯಲ್ಲಿಯೂ ಕಾಯಿಲೆಯ ಕುರುಹು ಕಾಣದಿದ್ದ 100 ರೋಗಿಗಳಲ್ಲಿ ಇಮಾಟಿನಿಬ್ ನಿಲ್ಲಿಸಿ ನಡೆಸಿದ ಫ್ರಾನ್ಸಿನ ಸ್ಟಿಮ್ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ವರ್ಷದ ನಂತರವೂ ಕಾಯಿಲೆ ಮರುಕಳಿಸದವರು ಸುಮಾರು ಶೇಕಡ 40. ಮರುಕಳಿಸಿದವರಿಗೆ ಕೂಡಲೇ ಮಾತ್ರೆ ಪುನರಾರಂಭಿಸಲಾಯಿತು. ನಿಗದಿತ ಅಂತರದಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಮಾತ್ರ ಇದು ಸಾಧ್ಯವಾಯಿತು. ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸತಕ್ಕದ್ದಲ್ಲ.

ಈ ಮಾತ್ರೆಗಳು ಭ್ರೂಣಕ್ಕೆ ಹಾನಿಕರವಾಗಬಲ್ಲವು. ಗರ್ಭ ಧರಿಸುವ ವಯಸ್ಸಿನ ಮಹಿಳೆಯರು ಆ ಬಗ್ಗೆ ವೈದ್ಯರೊಡನೆ ಮುಂಚಿತವಾಗಿಯೇ ಸಮಾಲೋಚಿಸಿ, ಯೋಜನೆ ಮಾಡಿಕೊಳ್ಳುವುದು ಅವಶ್ಯ.

8. ಮಕ್ಕಳು

ಮಕ್ಕಳ ಲ್ಯುಕೇಮಿಯಾಗಳಲ್ಲಿ ಸಿ.ಎಂ.ಎಲ್. ಪ್ರಮಾಣ ಸುಮಾರು ಶೇಕಡ 2ರಿಂದ 3 ಮಾತ್ರ. ಇಮಾಟಿನಿಬ್ ಮಕ್ಕಳಿಗೂ ಪರಿಣಾಮಕಾರಿ. ಆದರೆ ಪ್ರೌಢಾವಸ್ಥೆಗೆ ಮುನ್ನ ಚಿಕಿತ್ಸೆ ಆರಂಭಿಸಿದ ಮಕ್ಕಳಲ್ಲಿ ಎತ್ತರದ ಬೆಳವಣಿಗೆ ಕುಂಠಿತವಾಗುವುದು ಕಂಡುಬಂದಿದೆ. ಆದ್ದರಿಂದ ಮಗುವಿನ ಎತ್ತರ ಹಾಗೂ ತೂಕವನ್ನು ಪ್ರತಿ ಭೇಟಿಯಲ್ಲಿಯೂ ದಾಖಲಿಸುವುದು ಅಗತ್ಯ.

9. ಸಿ.ಎಲ್.ಎಲ್.: ವಯಸ್ಸೋ, ದೇಹಸ್ಥಿತಿಯೋ?

ಸಿ.ಎಲ್.ಎಲ್. ಪತ್ತೆಯಾದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಬೇಕಾಗುವುದಿಲ್ಲ. ಆರಂಭದ ಹಂತದಲ್ಲಿದ್ದು ತೊಂದರೆಗಳಿಲ್ಲದವರನ್ನು ನಿಯತಕಾಲಿಕ ಪರೀಕ್ಷೆಯಲ್ಲಿಟ್ಟು ಕಾಯುವುದೇ ಸರಿಯಾದ ಕ್ರಮ. ಇದು ವಯಸ್ಸಿನ ಕಾರಣಕ್ಕೆ ಮಾಡುವ ನಿರ್ಲಕ್ಷ್ಯವಲ್ಲ. ಯುವಕರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಚಿಕಿತ್ಸೆ ಅಗತ್ಯವಾದಾಗ ಮಾತ್ರ ವಯಸ್ಸಿನ ವಿಚಾರ ಬರುತ್ತದೆ. 65 ವರ್ಷ ಮೀರಿದವರಲ್ಲಿ ಫ್ಲುಡಾರಾಬಿನ್ ಮತ್ತು ಹಳೆಯ ಕ್ಲೋರಾಂಬುಸಿಲ್ ಔಷಧಿಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಹೆಚ್ಚು ಪ್ರಬಲವಾದ ಫ್ಲುಡಾರಾಬಿನ್‌ನಿಂದ ಆಯುಷ್ಯ ಹೆಚ್ಚಲಿಲ್ಲ. ಫ್ಲುಡಾರಾಬಿನ್ ಒಳಗೊಂಡ ಮೂರು ಔಷಧಿಗಳ ಸಂಯೋಜನೆಯನ್ನು ಬೆಂಡಾಮುಸ್ಟಿನ್ ಮತ್ತು ರಿಟುಕ್ಸಿಮ್ಯಾಬ್ ಸಂಯೋಜನೆಯೊಡನೆ ಹೋಲಿಸಿದ 2016ರ ಪ್ರಯೋಗದಲ್ಲಿ ತೀವ್ರ ಸೋಂಕಿಗೆ ಒಳಗಾದವರ ಪ್ರಮಾಣ ಕ್ರಮವಾಗಿ ಶೇಕಡ 39 ಮತ್ತು 25 ಆಗಿತ್ತು. 65 ಮೀರಿದವರಲ್ಲಿ ಮೊದಲನೆಯದರಿಂದ ಹೆಚ್ಚಿನ ಪ್ರಯೋಜನವೂ ಕಂಡುಬರಲಿಲ್ಲ. ಔಷಧಿ ಪ್ರಬಲವಾದಷ್ಟೂ ಫಲ ಹೆಚ್ಚೆಂಬ ಮಾತು ಎಲ್ಲ ವಯಸ್ಸಿಗೂ ಅನ್ವಯಿಸದು ಎಂಬುದು ಇದರಿಂದ ಸ್ಪಷ್ಟ.

ಈ ಕಾರಣದಿಂದ ತಜ್ಞರು ಹುಟ್ಟಿದ ದಿನಾಂಕಕ್ಕಿಂತ ದೇಹಸ್ಥಿತಿಯನ್ನು ಅಳೆಯುವ ಕ್ರಮವನ್ನು ರೂಢಿಸಿಕೊಂಡರು. ಇತರ ಕಾಯಿಲೆಗಳ ಅಂಕ, ಮೂತ್ರಪಿಂಡದ ಸಾಮರ್ಥ್ಯ, ದೈನಂದಿನ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುವ ಶಕ್ತಿ ಇವುಗಳನ್ನು ಪರಿಗಣಿಸಿ ಚಿಕಿತ್ಸೆ ನಿರ್ಧರಿಸಲಾಗುತ್ತದೆ. 2016ರಲ್ಲಿ ರೂಪಿಸಲಾದ ಅಂತರರಾಷ್ಟ್ರೀಯ ಅಂಕಪಟ್ಟಿಯಲ್ಲಿ 65 ವರ್ಷ ಮೀರಿದ್ದಕ್ಕೆ ಒಂದು ಅಂಕವಿದ್ದರೆ, ಟಿ.ಪಿ.53 ವಂಶವಾಹಿಯ ದೋಷಕ್ಕೆ ನಾಲ್ಕು ಅಂಕಗಳಿವೆ. ವಯಸ್ಸಿಗೂ ಕಾಯಿಲೆಯ ಸ್ವಭಾವಕ್ಕೂ ಇರುವ ತೂಕದ ಅಂತರವನ್ನು ಇದರಿಂದ ಊಹಿಸಬಹುದು.

ಹೊಸ ಔಷಧಿಗಳು ಹಿರಿಯರಿಗೆ ವಿಶೇಷವಾಗಿ ನೆರವಾಗಿವೆ. 65 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 269 ರೋಗಿಗಳನ್ನೊಳಗೊಂಡು 2015ರಲ್ಲಿ ವರದಿಯಾದ ಪ್ರಯೋಗದಲ್ಲಿ ಎರಡು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಇಬ್ರುಟಿನಿಬ್ ಮಾತ್ರೆ ಪಡೆದವರಲ್ಲಿ ಶೇಕಡ 98, ಕ್ಲೋರಾಂಬುಸಿಲ್ ಪಡೆದವರಲ್ಲಿ ಶೇಕಡ 85 ಆಗಿತ್ತು. ಇತರ ಕಾಯಿಲೆಗಳಿರುವವರಿಗಾಗಿಯೇ ನಡೆದು 2019ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ವೆನೆಟೊಕ್ಲಾಕ್ಸ್ ಮತ್ತು ಒಬಿನುಟುಜುಮ್ಯಾಬ್ ಸಂಯೋಜನೆಯನ್ನು ಒಂದು ವರ್ಷ ನೀಡಿ ನಿಲ್ಲಿಸಲಾಯಿತು. ಎರಡು ವರ್ಷಗಳ ವೇಳೆಗೆ ಶೇಕಡ 88ರಷ್ಟು ರೋಗಿಗಳಲ್ಲಿ ಕಾಯಿಲೆ ಹತೋಟಿಯಲ್ಲಿತ್ತು. ಇಬ್ರುಟಿನಿಬ್ ಸೇವಿಸುವವರಲ್ಲಿ ಹೃದಯ ಬಡಿತದ ಏರುಪೇರು, ರಕ್ತಸ್ರಾವ ಹಾಗೂ ರಕ್ತದೊತ್ತಡದ ಬಗ್ಗೆ ಎಚ್ಚರ ಅಗತ್ಯ.

10. ಪರೀಕ್ಷೆಗಳು

ಸಿ.ಎಂ.ಎಲ್. ರೋಗಿಗಳಲ್ಲಿ ಬಿ.ಸಿ.ಆರ್.-ಎ.ಬಿ.ಎಲ್. ಪ್ರಮಾಣವನ್ನು ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಅಳೆಯಲಾಗುತ್ತದೆ. ಮೂರು ತಿಂಗಳಿಗೆ ಶೇಕಡ 10, ಆರು ತಿಂಗಳಿಗೆ ಶೇಕಡ 1, ಹನ್ನೆರಡು ತಿಂಗಳಿಗೆ ಶೇಕಡ 0.1 ಅಥವಾ ಅದಕ್ಕಿಂತ ಕಡಿಮೆ ಇರುವುದು ಅಪೇಕ್ಷಣೀಯ. ಈ ಗುರಿಗಳು ಎಲ್ಲ ವಯಸ್ಸಿನ ವಯಸ್ಕರಿಗೂ ಒಂದೇ ಆಗಿವೆ. ಹಿರಿಯರೆಂಬ ಕಾರಣಕ್ಕೆ ಪರೀಕ್ಷೆಯನ್ನು ಬಿಡುವುದು ತರವಲ್ಲ.

11. ವೈದ್ಯರಲ್ಲಿ ವಿಚಾರಿಸಬಹುದಾದ ಪ್ರಶ್ನೆಗಳು

1) ಕಾಯಿಲೆ ಯಾವ ವಿಧದ್ದು, ಯಾವ ಹಂತದಲ್ಲಿದೆ?
2) ಅಪಾಯದ ಅಂಕವನ್ನು ಯಾವ ಪಟ್ಟಿಯಂತೆ ಲೆಕ್ಕ ಹಾಕಲಾಗಿದೆ? ಅದರಲ್ಲಿ ವಯಸ್ಸಿನ ಪಾಲೆಷ್ಟು?
3) ಈಗಿರುವ ಇತರ ಕಾಯಿಲೆಗಳಿಗೆ ಈ ಔಷಧಿ ಹೊಂದುತ್ತದೆಯೇ?
4) ಮಾತ್ರೆ ತಪ್ಪಿದಲ್ಲಿ ಏನು ಮಾಡಬೇಕು?
5) ಮುಂದಿನ ಪರೀಕ್ಷೆ ಯಾವಾಗ, ಎಲ್ಲಿ?
6) ಚಿಕಿತ್ಸೆ ಬೇಡವೆಂಬ ಸಲಹೆ ಇದ್ದಲ್ಲಿ ಅದಕ್ಕೆ ವಯಸ್ಸಿನ ಹೊರತು ಬೇರೆ ಕಾರಣಗಳಾವುವು?

12. ಔಷಧಿ ಹಾಗೂ ನೆರವು

ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಸ್ಫಟಿಕ ರೂಪಕ್ಕೆ ಕೋರಲಾಗಿದ್ದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿತು. ಇದರಿಂದ ದೇಶೀಯ ಕಂಪನಿಗಳು ತಯಾರಿಸುವ ಜನರಿಕ್ ಮಾತ್ರೆಗಳ ಲಭ್ಯತೆ ಮುಂದುವರಿಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಮಾಟಿನಿಬ್ ಅನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ದಶಕಗಳ ಕಾಲ ಮಾತ್ರೆ ಸೇವಿಸಬೇಕಾದ ಯುವ ರೋಗಿಗಳಿಗೆ ಇದು ಬಹು ಮುಖ್ಯವಾದ ಸಂಗತಿ.

ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ನೀಡಲಾಗುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ನೆರವಿನ ಬಗ್ಗೆ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡಿನೊಡನೆ ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಿ ವಿವರ ಪಡೆಯಬಹುದು.

13. ಉಪಸಂಹಾರ

ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ 28 ವರ್ಷದವರೊಬ್ಬರಿಗೂ 72 ವರ್ಷದವರೊಬ್ಬರಿಗೂ ಸಿ.ಎಂ.ಎಲ್. ಪತ್ತೆಯಾಯಿತೆಂದು ಭಾವಿಸೋಣ. ಇಬ್ಬರಿಗೂ ಒಂದೇ ಮಾತ್ರೆ ದೊರೆಯಬಹುದು. ಹಿರಿಯರು ತಮ್ಮ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡು ದಿನವೂ ಮಾತ್ರೆ ಸೇವಿಸಿ, ಕಿರಿಯರು ವರ್ಷದೊಳಗೆ ಅದನ್ನು ಕೈಬಿಟ್ಟಲ್ಲಿ, ಲ್ಯುಕೇಮಿಯಾದ ಅಪಾಯ ಕಿರಿಯರಿಗೇ ಹೆಚ್ಚು. ಹುಟ್ಟಿದ ವರ್ಷವನ್ನು ಬದಲಿಸಲು ಯಾರಿಂದಲೂ ಸಾಧ್ಯವಿಲ್ಲ. ಮಾತ್ರೆಯ ಕ್ರಮ, ಇತರ ಕಾಯಿಲೆಗಳ ಆರೈಕೆ ಹಾಗೂ ಸಕಾಲಿಕ ಪರೀಕ್ಷೆ ಇವು ರೋಗಿಯ ಮತ್ತು ಕುಟುಂಬದವರ ಕೈಯಲ್ಲಿವೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯನ್ನು ಆರಂಭಿಸುವ, ಬದಲಿಸುವ ಅಥವಾ ನಿಲ್ಲಿಸುವ ಮುನ್ನ ತಜ್ಞ ವೈದ್ಯರ ಸಲಹೆಯನ್ನು ಕಡ್ಡಾಯವಾಗಿ ಪಡೆಯತಕ್ಕದ್ದು.